ಮೂಸಿ ನದಿಯ ಮಹಾಪೂರ: ಒಂದು ನಗರ ಕಲಿತ ಪಾಠ



ವಿಕಾರಾಬಾದಿನ ಹತ್ತಿರದ ಅನಂತಗಿರಿ ಬೆಟ್ಟಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಲ್ಲಿಯ ಅನಂತ ಪದ್ಮನಾಭಸ್ವಾಮಿಯ ಗುಡಿಗೆ ಮನೆಯವರೊಡನೆ ಹೋಗಿ ಬಂದಿದ್ದೀರಿ. ಆ ಬೆಟ್ಟಸಾಲಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆಂಬುದನ್ನು ಎಷ್ಟು ಜನ ಗಮನಿಸಿದ್ದೀರಿ? ಪಶ್ಚಿಮಕ್ಕೆ ಇಳಿದ ನೀರು ಕಾಗಿಣಾ ನದಿಯಾಗಿ ತಾಂಡೂರನ್ನು ಹಾದು, ಕರ್ನಾಟಕವನ್ನು ಹೊಕ್ಕು, ನೃಪತುಂಗನ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡದ ಪಕ್ಕದಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಕೃಷ್ಣೆಗೆ ಕೂಡುತ್ತದೆ. ಪೂರ್ವಕ್ಕೆ ಇಳಿದ ನೀರು ಮೂಸಿ ನದಿಯಾಗಿ ಹೈದರಾಬಾದು ನಗರದ ನಡುವೆ ಹರಿದು, ನಲ್ಗೊಂಡ ಸೀಮೆಯ ವಾಡಪಲ್ಲಿಯಲ್ಲಿ ಕೃಷ್ಣೆಯನ್ನೇ ಸೇರುತ್ತದೆ. ಒಂದೇ ಬೆಟ್ಟದಿಂದ ಬೇರೆಯಾಗಿ ಹೋದ ನೀರು ನೂರಾರು ಮೈಲು ಸುತ್ತಿ ಮತ್ತೆ ಒಂದಾಗುತ್ತದೆ.

ಮೊದಲನೆಯ ನದಿ ನಮಗೆ ಮನೆಯ ನದಿ. ಎರಡನೆಯದರ ಕಥೆ ನಮಗೆ ಏಕೆ ಬೇಕು? ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಓದಿಗಾಗಿ, ಕೂಲಿಗಾಗಿ, ನೌಕರಿಗಾಗಿ ಹೈದರಾಬಾದಿಗೆ ಹೋಗಿ ನೆಲೆಸಿದ್ದಾರೆ. ಹಿಂದೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ ಅದೇ ರಾಜಧಾನಿಯಾಗಿತ್ತು. ಆ ನಗರವನ್ನು ನೆರೆಯಿಂದ ಕಾಯುವ ಯೋಜನೆ ಮಾಡಿದವರು ಒಬ್ಬ ಕನ್ನಡಿಗರು. ಆದ್ದರಿಂದ ಈ ಪಾಠ ನಮ್ಮದೂ ಹೌದು.

ನಗರ ಮತ್ತು ನದಿ

ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಷಾಹನು 1591ರಲ್ಲಿ ಮೂಸಿಯ ದಕ್ಷಿಣ ದಂಡೆಯಲ್ಲಿ ಹೈದರಾಬಾದನ್ನು ಕಟ್ಟಿಸಿದನು. ಅದಕ್ಕೂ ಮುಂಚೆ, 1578ರಲ್ಲಿ, ಗೋಲ್ಕೊಂಡದಿಂದ ಹೊಳೆ ದಾಟಲು ಇಬ್ರಾಹಿಂ ಕುಲಿಯ ಕಾಲದಲ್ಲಿ ಒಂದು ಕಲ್ಲಿನ ಸೇತುವೆ ಆಗಿತ್ತು. ಅದೇ ಇಂದಿನ ಪುರಾನಾಪುಲ್. ಕಾಲ ಕಳೆದಂತೆ ನಗರ ಉತ್ತರ ದಂಡೆಗೂ ಹಬ್ಬಿತು. ಮುಸ್ಲಿಂ ಜಂಗ್, ಅಫ್ಜಲ್‌ಗಂಜ್, ಚಾದರ್‌ಘಾಟ್ ಎಂಬ ಹೊಸ ಸೇತುವೆಗಳು ಬಂದವು. ನದಿಯ ಎರಡೂ ದಡಗಳಲ್ಲಿ ಮನೆ, ಮಂದಿರ, ಮಸೀದಿ, ಅಂಗಡಿಗಳು ಒತ್ತೊತ್ತಾಗಿ ಎದ್ದವು.

ಮೂಸಿ ವರ್ಷದ ಹೆಚ್ಚು ದಿನ ಸಣ್ಣ ಹೊಳೆ. ಬೇಸಗೆಯಲ್ಲಿ ಅದನ್ನು ಕಾಲ್ನಡಿಗೆಯಲ್ಲಿ ದಾಟಬಹುದಾಗಿತ್ತು. ಇಂಥ ನದಿಯ ಅಪಾಯ ಇರುವುದೇ ಅಲ್ಲಿ. ತುಂಬಿ ಹರಿಯುವ ದೊಡ್ಡ ನದಿಗೆ ಜನ ಸದಾ ಅಂಜುತ್ತಾರೆ, ದೂರದಲ್ಲಿ ಮನೆ ಕಟ್ಟುತ್ತಾರೆ. ಸದಾ ಒಣಗಿರುವ ಹೊಳೆಗೆ ಯಾರೂ ಅಂಜುವುದಿಲ್ಲ. ಅದರ ಪಾತ್ರ ಖಾಲಿ ಜಾಗದಂತೆ ಕಾಣುತ್ತದೆ. 1631ರಲ್ಲಿ, 1831ರಲ್ಲಿ ನೆರೆ ಬಂದು ನಗರಕ್ಕೆ ಹಾನಿಯಾಗಿತ್ತು. ಆದರೆ ಅದನ್ನು ಕಂಡವರು ಮಣ್ಣಾದ ಮೇಲೆ ನೆನಪೂ ಅಳಿಯಿತು. ಜನ ಮತ್ತೆ ದಂಡೆಗೆ ಇಳಿದರು.

1908ರ ಸೆಪ್ಟೆಂಬರ್ 28

ಆ ವರ್ಷದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಗರದ ಮೇಲ್ಭಾಗದ ಸೀಮೆಯಲ್ಲಿ ಎಡೆಬಿಡದೆ ಮಳೆ ಸುರಿಯಿತು. ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ ಸುಮಾರು 13 ಅಂಗುಲ, 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಮಳೆಯಾಯಿತು. ಇಷ್ಟು ಮಳೆ ಎಂದರೆ ಎಷ್ಟು? ಒಂದು ಎಕರೆ ಹೊಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು. ನಿಮ್ಮ ಹೊಲ ಎಷ್ಟು ಎಕರೆಯೋ ಅದರಿಂದ ಗುಣಿಸಿ ನೋಡಿ.

ಮೂಸಿಯ ಜಲಾನಯನ ಪ್ರದೇಶದಲ್ಲಿ, ಅಂದರೆ ಮಳೆನೀರು ಹರಿದು ಬಂದು ನದಿಯನ್ನು ಸೇರುವ ಇಡೀ ಸೀಮೆಯಲ್ಲಿ, ಆಗ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಸರಪಳಿಯಂತೆ ಇದ್ದ ಏರ್ಪಾಡು ಅದು. ಸಾಧಾರಣ ಮಳೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಅಂದು ಬಿದ್ದದ್ದು ಸಾಧಾರಣ ಮಳೆಯಲ್ಲ. ಮೇಲಿನ ಕೆರೆ ಒಡೆದು ಅದರ ನೀರೆಲ್ಲ ಒಮ್ಮೆಲೇ ಕೆಳಗಿನ ತುಂಬಿದ ಕೆರೆಗೆ ನುಗ್ಗಿತು. ಅದರ ಏರಿಯೂ ತಡೆಯಲಿಲ್ಲ. ಹೀಗೆ ಒಂದರ ಹಿಂದೆ ಒಂದರಂತೆ 221 ಕೆರೆಗಳು ಒಡೆದವು. ಮಳೆಯ ನೀರಿಗೆ ಕೆರೆಗಳ ನೀರೂ ಸೇರಿತು.

ಸೋಮವಾರ ಬೆಳಗಾಗುವ ಹೊತ್ತಿಗೆ ಆ ನೀರು ನಗರವನ್ನು ಹೊಕ್ಕಿತು. ಪ್ರವಾಹ ಪರಾಕಾಷ್ಠೆಗೆ ಏರಿದಾಗ ಪ್ರತಿ ಸೆಕೆಂಡಿಗೆ 4,25,000 ಘನ ಅಡಿ ನೀರು ಹರಿಯಿತೆಂದು ಲೆಕ್ಕ ಹಾಕಿದ್ದಾರೆ. ಒಂದು ಘನ ಅಡಿಗೆ ಸುಮಾರು 28 ಲೀಟರು. ನಮ್ಮ ಊರಿಗೆ ಬೇಸಗೆಯಲ್ಲಿ ಬರುವ 10,000 ಲೀಟರಿನ ನೀರಿನ ಟ್ಯಾಂಕರ್ ನಿಮಗೆ ಗೊತ್ತು. ಅಂಥ ಸುಮಾರು 1,200 ಟ್ಯಾಂಕರುಗಳ ನೀರು ಪ್ರತಿ ಸೆಕೆಂಡಿಗೂ ನಗರದ ನಡುವೆ ಹಾದುಹೋದಂತಾಯಿತು.

ಕೋಲ್ಸಾವಾಡಿ, ಘಾನ್ಸಿ ಬಜಾರು, ಅಫ್ಜಲ್‌ಗಂಜ್ ಮುಂತಾದ ಬಡಾವಣೆಗಳು ಕೊಚ್ಚಿಹೋದವು. ಮೂರು ಸೇತುವೆಗಳು ಮುರಿದವು. ಎಲ್ಲಕ್ಕಿಂತ ಹಳೆಯದಾದ ಪುರಾನಾಪುಲ್ ಒಂದೇ ನಿಂತಿತು. ಸುಮಾರು 15,000 ಜನ ಸತ್ತರೆಂದೂ, 19,000 ಮನೆಗಳು ಬಿದ್ದವೆಂದೂ, 80,000 ಜನ ಮನೆ ಕಳೆದುಕೊಂಡರೆಂದೂ ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ಉರ್ದುವಿನ ಪ್ರಸಿದ್ಧ ಕವಿ ಅಮ್ಜದ್ ಹೈದರಾಬಾದಿಯವರ ಕಣ್ಣೆದುರಿಗೇ ಅವರ ತಾಯಿ, ಹೆಂಡತಿ, ಮಗಳು ಮೂವರೂ ನೀರುಪಾಲಾದರು. ಅವರೊಬ್ಬರೇ ಬದುಕುಳಿದರು. ಹೈದರಾಬಾದಿನ ಹಳಬರು ಇದನ್ನು 'ತುಘಿಯಾನಿ' ಎಂದು ಕರೆಯುತ್ತಾರೆ. ಉಕ್ಕಿ ಬಂದ ನೆರೆ ಎಂದು ಅದರ ಅರ್ಥ.

ಅಫ್ಜಲ್‌ಗಂಜಿನ ಆಸ್ಪತ್ರೆಯ ಅಂಗಳದಲ್ಲಿ ಒಂದು ಹುಣಿಸೆಮರವಿತ್ತು. ನೀರು ಏರಿದಾಗ ಸುಮಾರು 150 ಜನ ಆ ಮರವನ್ನು ಹತ್ತಿ ಕುಳಿತು ಜೀವ ಉಳಿಸಿಕೊಂಡರು. ಆ ಮರ ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಸೆಪ್ಟೆಂಬರ್ 28ರಂದು ನಗರದ ಕೆಲವು ನಾಗರಿಕರು ಆ ಮರದ ಕೆಳಗೆ ಸೇರಿ, ಅಂದು ಸತ್ತವರನ್ನು ನೆನೆಯುತ್ತಾರೆ. ಹೈದರಾಬಾದಿಗೆ ಹೋದಾಗ ಚಾರ್ಮಿನಾರನ್ನು ನೋಡುವಂತೆ ಆ ಮರವನ್ನೂ ನೋಡಿ ಬನ್ನಿ.

ಮೊದಲ ಉತ್ತರ: ನೆರವು

ವಿಪತ್ತು ಬಂದಾಗ ಸಮಾಜ ಕೊಡುವ ಮೊದಲನೆಯ ಉತ್ತರ ನೆರವು. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಆಳುತ್ತಿದ್ದರು. ಮಹಾರಾಜಾ ಕಿಶನ್ ಪ್ರಸಾದರು ದಿವಾನರಾಗಿದ್ದರು. ಮನೆ ಕಳೆದುಕೊಂಡವರಿಗಾಗಿ ಅರಮನೆಗಳ ಬಾಗಿಲು ತೆರೆದರು, ಗಂಜಿಕೇಂದ್ರಗಳನ್ನು ನಡೆಸಿದರು, ನಿಧಿ ಕೂಡಿಸಿದರು. ನಿಜಾಮರು ಹಿಂದೂ ಪದ್ಧತಿಯಂತೆ ನದಿಗೆ ಬಾಗಿನ ಅರ್ಪಿಸಿ ಶಾಂತಳಾಗೆಂದು ಬೇಡಿಕೊಂಡರು ಎಂಬ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಕಥೆ ಹೇಗೇ ಇರಲಿ, ಪ್ರಜೆಗಳ ದುಃಖದಲ್ಲಿ ಅರಸ ಜೊತೆಗಿದ್ದನೆಂಬ ಭಾವನೆ ಅದರಲ್ಲಿದೆ.

ಸಾಮಾನ್ಯರೂ ಸುಮ್ಮನೆ ಕೂಡಲಿಲ್ಲ. ಅನ್ನ, ಬಟ್ಟೆ, ಔಷಧ ಹಂಚುವ ಕೆಲಸಕ್ಕೆ ಹಿಂದೂ, ಮುಸಲ್ಮಾನ, ಪಾರ್ಸಿ, ಕ್ರೈಸ್ತರೆನ್ನದೆ ಮುಂದೆ ಬಂದರು. ಕವಯಿತ್ರಿ ಸರೋಜಿನಿ ನಾಯಿಡು ಅವರು ಪರಿಹಾರ ಕಾರ್ಯದಲ್ಲಿ ದುಡಿದರು. ಅವರ ಇಂಥ ಸೇವೆಗಾಗಿ ಬ್ರಿಟಿಷ್ ಸರಕಾರ ಕೊಟ್ಟ ಕೈಸರ್-ಇ-ಹಿಂದ್ ಪದಕವನ್ನು ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವನ್ನು ಪ್ರತಿಭಟಿಸಿ ಮುಂದೆ ಅವರು ಹಿಂತಿರುಗಿಸಿದರು.

ನೆರವು ದೊಡ್ಡದು. ಆದರೆ ನೆರವು ಮುಂದಿನ ನೆರೆಯನ್ನು ತಡೆಯಲಾರದು. ಗಂಜಿ ಹಂಚಿ ಮುಗಿದ ಮೇಲೆ, 'ಇದು ಏಕೆ ಆಯಿತು? ಮತ್ತೆ ಆಗದಂತೆ ಏನು ಮಾಡಬೇಕು?' ಎಂದು ಕೇಳುವವರು ಬೇಕು. ಹೈದರಾಬಾದು ಆ ಪ್ರಶ್ನೆಯನ್ನು ಕೇಳಿತು. ಅದು ಆ ನಗರದ ಹೆಚ್ಚುಗಾರಿಕೆ.

ಎರಡನೆಯ ಉತ್ತರ: ವಿಶ್ವೇಶ್ವರಯ್ಯನವರ ಯೋಜನೆ

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಆಗಷ್ಟೇ ಮುಂಬಯಿ ಸರಕಾರದ ಸೇವೆಯನ್ನು ಬಿಟ್ಟಿದ್ದರು. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿ ಅವರು ಹೆಸರು ಪಡೆದಿದ್ದರು. ಅವರು ಯೂರೋಪಿನ ಪ್ರವಾಸದಲ್ಲಿದ್ದಾಗ ಹೈದರಾಬಾದು ಸರಕಾರದ ಕರೆ ತಲುಪಿತು. 1909ರ ಏಪ್ರಿಲಿನಲ್ಲಿ ಅವರು ಕೆಲಸಕ್ಕೆ ತೊಡಗಿದರು. ಅವರಿಗೆ ವಹಿಸಿದ ಕೆಲಸ ಮೂರು ಬಗೆಯದು: ಹಾಳಾದ ನಗರವನ್ನು ಮತ್ತೆ ಕಟ್ಟುವುದಕ್ಕೆ ಸಲಹೆ ಕೊಡುವುದು, ಮುಂದೆ ಇಂಥ ನೆರೆ ಬಾರದಂತೆ ಯೋಜನೆ ಮಾಡುವುದು, ನಗರಕ್ಕೆ ಒಳಚರಂಡಿಯ ವ್ಯವಸ್ಥೆ ರೂಪಿಸುವುದು.

ವಿಶ್ವೇಶ್ವರಯ್ಯನವರು ಕೆಲಸ ಮಾಡಿದ ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲು ಅವರು ಉತ್ತರ ಹೇಳಲಿಲ್ಲ, ಲೆಕ್ಕ ಕೂಡಿಸಿದರು. ಎಲ್ಲಿ ಎಷ್ಟು ಮಳೆಯಾಯಿತು, ಯಾವ ಕೆರೆ ಒಡೆಯಿತು, ನೀರು ಯಾವ ಮಟ್ಟಕ್ಕೆ ಏರಿತು ಎಂದು ಅಳೆಯಿಸಿದರು. ನೆರೆಯ ಪ್ರಾಂತಗಳಲ್ಲಿ ಬಿದ್ದ ದೊಡ್ಡ ಮಳೆಗಳ ಅಂಕಿಅಂಶಗಳನ್ನೂ ತರಿಸಿ ಹೋಲಿಸಿದರು. ಅದರ ಮೇಲೆ ಅದೇ ವರ್ಷ ವರದಿ ಸಲ್ಲಿಸಿದರು.

ದಂಡೆಗಳಿಗೆ ಎತ್ತರದ ಗೋಡೆ ಕಟ್ಟಿದರೆ ಸಾಲದೇ ಎಂದು ನೀವು ಕೇಳಬಹುದು. ಊರೊಳಗಿನ ದಂಡೆಗಳನ್ನು ಎತ್ತರಿಸಬೇಕೆಂದು ಅವರೂ ಹೇಳಿದರು. ಆದರೆ ನಾಲ್ಕೂಕಾಲು ಲಕ್ಷ ಘನ ಅಡಿ ನೀರನ್ನು ಗೋಡೆಗಳ ನಡುವೆಯೇ ಸಾಗಿಸಬೇಕಾದರೆ ನದಿಯನ್ನು ಬಹಳ ಅಗಲ ಮಾಡಬೇಕಾಗುತ್ತದೆ, ಅದಕ್ಕಾಗಿ ಅರ್ಧ ಪೇಟೆಯನ್ನು ಕೆಡವಬೇಕಾಗುತ್ತದೆ. ಆದ್ದರಿಂದ ನೀರು ಊರಿಗೆ ಬರುವ ಮೊದಲೇ ಮೇಲೆ ಹಿಡಿದು ನಿಲ್ಲಿಸಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಎಂಬುದು ಅವರ ಯೋಜನೆಯ ತಿರುಳು. ಮೂಸಿಯ ಮೇಲೆ ಒಂದು, ಅದರ ಉಪನದಿ ಈಸಿಯ ಮೇಲೆ ಒಂದು, ಹೀಗೆ ಎರಡು ಜಲಾಶಯಗಳನ್ನು ಅವರು ಸೂಚಿಸಿದರು.

ಅದೇ 1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ಹೋದರು. ಮಹಬೂಬ್ ಅಲಿ ಖಾನರು 1911ರಲ್ಲಿ ತೀರಿಕೊಂಡರು. ಯೋಜನೆ ಮಾಡಿದವರು ಹೋದರು, ಮಾಡಿಸಿದ ಅರಸರು ಇಲ್ಲವಾದರು. ಆದರೂ ಕೆಲಸ ನಿಲ್ಲಲಿಲ್ಲ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಅದನ್ನು ಮುಂದುವರಿಸಿದರು. ಮೂಸಿಯ ಮೇಲಿನ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನೆರೆ ಬಂದು ಹತ್ತೊಂಬತ್ತು ವರ್ಷಗಳ ನಂತರ ಯೋಜನೆ ಪೂರ್ತಿಯಾಯಿತು. ಒಳ್ಳೆಯ ಕೆಲಸಕ್ಕೆ ಒಂದು ತಲೆಮಾರಿನ ತಾಳ್ಮೆ ಬೇಕು.

ಮೂರನೆಯ ಉತ್ತರ: ನಗರದ ಸುಧಾರಣೆ

1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳನ್ನು ತೆರವು ಮಾಡಿ ಬೇರೆ ಕಡೆ ಗಾಳಿ ಬೆಳಕು ಬರುವ ಮನೆಗಳನ್ನು ಕಟ್ಟಿಸುವುದು, ರಸ್ತೆಗಳನ್ನು ಅಗಲಿಸುವುದು, ಚರಂಡಿಗಳನ್ನು ಹಾಕಿಸುವುದು ಅದರ ಕೆಲಸ. ನದಿಯ ದಂಡೆಗಳಿಗೆ ಕಲ್ಲಿನ ಗೋಡೆ ಎದ್ದಿತು, ದಂಡೆಯ ಮೇಲೆ ತೋಟಗಳು ಬಂದವು. ಹೈಕೋರ್ಟು, ಉಸ್ಮಾನಿಯಾ ಆಸ್ಪತ್ರೆ ಮುಂತಾದ ಭವ್ಯ ಕಟ್ಟಡಗಳು ಎದುರುಬದುರು ದಡಗಳಲ್ಲಿ ನಿಂತವು. ನೆರೆಗೆ ಕೊಚ್ಚಿಹೋಗಿದ್ದ ಸ್ಥಳವೇ ನಗರದ ಅಂದದ ಮುಖವಾಯಿತು.

ಉಸ್ಮಾನ್ ಸಾಗರಕ್ಕೆ ಜನ ಇಟ್ಟ ಹೆಸರು ಗಂಡಿಪೇಟ. ಅಲ್ಲಿಯ ಸಿಹಿನೀರು ನಗರಕ್ಕೆ ಕುಡಿಯಲು ಬಂತು. ಗಂಡಿಪೇಟದ ನೀರು ಕುಡಿದವರು ಹೈದರಾಬಾದು ಬಿಟ್ಟು ಹೋಗಲಾರರೆಂಬ ಮಾತೇ ಹುಟ್ಟಿತು. ಊರನ್ನು ಮುಳುಗಿಸಿದ ನೀರೇ ಊರಿನ ದಾಹ ತೀರಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ನೆರೆ ತಡೆಯುವ ಜಲಾಶಯ ಮಳೆಗಾಲದಲ್ಲಿ ಸಾಕಷ್ಟು ಖಾಲಿ ಇರಬೇಕು, ಕುಡಿಯುವ ನೀರಿನ ಜಲಾಶಯ ತುಂಬಿರಬೇಕು. ಒಂದೇ ಪಾತ್ರೆ ಎರಡು ಕೆಲಸ ಮಾಡುವಾಗ ಈ ಎರಡರ ನಡುವೆ ಸದಾ ಜಗ್ಗಾಟ ಇರುತ್ತದೆ. ಒಂದು ಲೆಕ್ಕ ಮಾಡೋಣ. ಉಸ್ಮಾನ್ ಸಾಗರದಲ್ಲಿ 3.9 ಟಿ.ಎಂ.ಸಿ., ಹಿಮಾಯತ್ ಸಾಗರದಲ್ಲಿ 2.97 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 1908ರ ಪರಾಕಾಷ್ಠೆಯ ರಭಸದಲ್ಲಿ ನೀರು ಬಂದರೆ ಒಂದು ಟಿ.ಎಂ.ಸಿ. ತುಂಬಲು ಸುಮಾರು 39 ನಿಮಿಷ ಸಾಕು. ಎರಡೂ ಜಲಾಶಯಗಳು ಪೂರ್ತಿ ಖಾಲಿ ಇದ್ದರೂ ನಾಲ್ಕೂವರೆ ಗಂಟೆಯೊಳಗೆ ತುಂಬುತ್ತವೆ. ಪರಾಕಾಷ್ಠೆ ಬಹಳ ಹೊತ್ತು ಇರುವುದಿಲ್ಲವಾದ್ದರಿಂದ ಆ ಕೆಲವು ಗಂಟೆಗಳ ತಡೆಯೇ ಊರನ್ನು ಉಳಿಸಬಲ್ಲದು. ಆದರೆ ಜಲಾಶಯ ಮೊದಲೇ ತುಂಬಿದ್ದರೆ ಬಂದಷ್ಟು ನೀರನ್ನೂ ಬಾಗಿಲು ತೆರೆದು ಬಿಡದೆ ಗತಿಯಿಲ್ಲ. ಆದ್ದರಿಂದ ಅಣೆಕಟ್ಟು ಇದೆ ಎಂದ ಮಾತ್ರಕ್ಕೆ ಕೆಳಗಿನವರು ನಿಶ್ಚಿಂತರಾಗಿ ನದಿಯ ಪಾತ್ರದಲ್ಲಿ ಮನೆ ಕಟ್ಟಬಾರದು.

ಮರೆವು

ಜನ ನಿಶ್ಚಿಂತರಾದರು. ಐವತ್ತು ಅರವತ್ತು ವರ್ಷ ದೊಡ್ಡ ನೆರೆ ಬಾರದಿರಲು ದಂಡೆಯ ತೋಟಗಳು ಪಾಳುಬಿದ್ದವು, ನದಿಗೆ ಊರಿನ ಕೊಳಚೆ ಹರಿಯಿತು. ಬೇರೆಲ್ಲೂ ಜಾಗ ಸಿಗದ ಬಡವರು ಪಾತ್ರದೊಳಗೇ ಗುಡಿಸಲು ಹಾಕಿಕೊಂಡರು. 1970ರಲ್ಲಿ ನೆರೆ ಬಂದು ಎಚ್ಚರಿಸಿತು. ಎಚ್ಚರ ಬಹುಕಾಲ ಉಳಿಯಲಿಲ್ಲ.

ನದಿಯ ಪಾತ್ರಕ್ಕಿಂತ ದೊಡ್ಡ ಬದಲಾವಣೆ ಕೆರೆಗಳಲ್ಲಿ ಆಯಿತು. ಕುಡಿಯುವ ನೀರು ಮಂಜೀರಾದಿಂದ, ಆಮೇಲೆ ಕೃಷ್ಣೆ, ಗೋದಾವರಿಗಳಿಂದ ಬರತೊಡಗಿದ ಮೇಲೆ ಊರ ಕೆರೆಗಳು ಯಾರಿಗೂ ಬೇಡವಾದವು. ನಗರ ಬೆಳೆಯಿತು, ಭೂಮಿಗೆ ಬಂಗಾರದ ಬೆಲೆ ಬಂತು. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯುತ್ತಿದ್ದ ನಾಲೆಗಳ ಮೇಲೆ ಅಂಗಡಿಗಳೆದ್ದವು. ಕೆರೆಯ ಅಂಗಳ ನಿವೇಶನಗಳಾಯಿತು.

2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಒಂದೇ ದಿನ 24 ಸೆಂಟಿಮೀಟರ್ ಮಳೆ ಬಿತ್ತು. ಹುಸೇನ್ ಸಾಗರ ತುಂಬಿ ಕೆಳಗಿನ ಬಡಾವಣೆಗಳು ಮುಳುಗಿದವು. ಆಮೇಲೆ ನಾಲೆಗಳನ್ನು ಅಳೆದು, ಅಗಲಿಸಬೇಕೆಂದು ತಜ್ಞರು ವರದಿ ಕೊಟ್ಟರು. ವರದಿಯ ಕೆಲಸ ಕುಂಟುತ್ತ ಸಾಗಿತು. ನಾಲೆಯ ಮೇಲೆ ಮನೆ ಮಾಡಿದವರನ್ನು ಎಲ್ಲಿಗೆ ಕಳಿಸುವುದೆಂಬ ಪ್ರಶ್ನೆಗೆ ಉತ್ತರ ಸುಲಭವಾಗಿರಲಿಲ್ಲ. 2020ರ ಅಕ್ಟೋಬರ್ 13 ಮತ್ತು 14ರಂದು ಮತ್ತೆ ಮಹಾಮಳೆ. ಬೇಗಂಪೇಟೆಯಲ್ಲಿ 19 ಸೆಂಟಿಮೀಟರ್, ಪೂರ್ವದ ಘಟ್‌ಕೇಸರದಲ್ಲಿ 32 ಸೆಂಟಿಮೀಟರ್. ಹಳೆಯ ನಗರದ ಅಂಚಿನ ಕೆರೆಗಳ ಏರಿಗಳು ಒಡೆದವು. ಹತ್ತಾರು ಜನ ಸತ್ತರು. ಬಡಾವಣೆಗಳಲ್ಲಿ ದಿನಗಟ್ಟಲೆ ನೀರು ನಿಂತಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ, ಹೆಚ್ಚುಕಡಿಮೆ ಅದೇ ತುಘಿಯಾನಿಯ ದಿನಗಳಲ್ಲಿ, ಮೂಸಿಯ ನೀರು ನದಿಯ ನಡುವಿನ ದೊಡ್ಡ ಬಸ್ ನಿಲ್ದಾಣವನ್ನೇ ಹೊಕ್ಕಿತು. ನಮ್ಮ ಊರಿನ ಜನ ಹೈದರಾಬಾದಿನಲ್ಲಿ ಬಸ್ಸಿಳಿಯುವ ಸ್ಥಳ ಅದು.

1908ರಲ್ಲಿ ಕೆರೆಗಳು ಒಡೆದು ನಗರ ಮುಳುಗಿತು. ಈಚಿನ ನೆರೆಗಳಲ್ಲಿ, ಕೆರೆ ಇರಬೇಕಾದ ಜಾಗದಲ್ಲಿ ಮನೆಗಳಿದ್ದುದರಿಂದ ಅವು ಮುಳುಗಿದವು. ಇದು ನೀವು ನೆನಪಿಡಬೇಕಾದ ಮುಖ್ಯ ವ್ಯತ್ಯಾಸ.

ಕಾನೂನು ಮತ್ತು ನ್ಯಾಯ

ನಾಗರಿಕರು ಕೈಕಟ್ಟಿ ಕುಳಿತಿದ್ದರೆಂದಲ್ಲ. 1996ರಲ್ಲಿ ಆಗಿನ ಆಂಧ್ರಪ್ರದೇಶ ಸರಕಾರ 111ನೆಯ ಆದೇಶ ಹೊರಡಿಸಿತು. ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರಿನೊಳಗೆ, 84 ಹಳ್ಳಿಗಳಲ್ಲಿ, ಕೊಳಕು ಬಿಡುವ ಕಾರ್ಖಾನೆಗಳನ್ನೂ ದೊಡ್ಡ ಕಟ್ಟಡಗಳನ್ನೂ ಅದು ನಿಷೇಧಿಸಿತು. ಒಂದು ಎಣ್ಣೆ ಕಾರ್ಖಾನೆಯ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2000ದಲ್ಲಿ ಜಲಾಶಯಗಳ ಪರವಾಗಿ ತೀರ್ಪು ಬಂತು. ಆ ಹಳ್ಳಿಗಳ ರೈತರಿಗೆ, ಪಕ್ಕದ ಊರಿನ ಭೂಮಿಗೆ ಕೋಟಿ ಬೆಲೆ ಬಂದಾಗ ತಮ್ಮದಕ್ಕೆ ಬಾರದೆಂಬ ಸಂಕಟವಿತ್ತು. ಅದನ್ನು ಸುಳ್ಳೆನ್ನಲಾಗದು. 2022ರಲ್ಲಿ ತೆಲಂಗಾಣ ಸರಕಾರ ಆ ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಡಿಸಿದಾಗ ಪರಿಸರದ ಕಾಳಜಿಯುಳ್ಳವರು ಪ್ರತಿಭಟಿಸಿದರು. 2024ರಲ್ಲಿ ಕೆರೆ, ನಾಲೆಗಳ ಒತ್ತುವರಿ ತೆರವು ಮಾಡಲು ಹೈಡ್ರಾ ಎಂಬ ಸಂಸ್ಥೆ ಬಂತು. ಅದು ಕಟ್ಟಡಗಳನ್ನು ಕೆಡವಿದಾಗ ಹೊಗಳಿಕೆಯೂ ಬಂತು, ಕಣ್ಣೀರೂ ಬಂತು. ಒತ್ತುವರಿ ಮಾಡಿ ಮಾರಿದವರು ದುಡ್ಡು ಎಣಿಸಿಕೊಂಡು ಹೋಗಿದ್ದರು. ಸಾಲ ಮಾಡಿ ಕೊಂಡವರು ಮನೆಯ ಮುಂದೆ ನಿಂತು ಅಳುತ್ತಿದ್ದರು.

ಪೋಷಕರಿಗೆ ಒಂದು ಮಾತು

ಇಲ್ಲಿ ಪೋಷಕರಿಗೂ ಒಂದು ಸಂಗತಿ ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೈದರಾಬಾದಿನಲ್ಲಿ ಗಾರೆಕೆಲಸ ಮಾಡಿಕೊಂಡಿದ್ದ. ತಂದೆ ಊರಿನಲ್ಲಿ ಎರಡು ಎಕರೆ ತೊಗರಿ ಹೊಲ ಮಾರಿ, ಮಗನಿಗೆ ನಗರದ ಹೊರಗೆ ಅರವತ್ತು ಗಜ ಜಾಗ ಕೊಡಿಸಿದರು. ಮನೆಯನ್ನು ಮಗ ತನ್ನ ಕೈಯಿಂದಲೇ ಕಟ್ಟಿದ. 2020ರ ಮಳೆಯಲ್ಲಿ ಆ ಮನೆಯೊಳಗೆ ಎದೆಮಟ್ಟದ ನೀರು ಬಂತು. ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡುರಾತ್ರಿ ಹೊರಬಂದ. ಜೀವಗಳು ಉಳಿದವು. ಕೂಡಿಟ್ಟದ್ದೆಲ್ಲ ಹೋಯಿತು. ಆಮೇಲೆ ಆ ತಂದೆ ನನಗೆ ಕಾಗದಪತ್ರ ತಂದು ತೋರಿಸಿದರು. ಆ ಜಾಗ ಹಳೆಯ ದಾಖಲೆಯಲ್ಲಿ ಶಿಖಂ ಭೂಮಿ, ಅಂದರೆ ಕೆರೆಯ ಅಂಗಳ. ಅವರಿಗೆ ಮಾರಿದವನು ಅದನ್ನು ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

"ಬ್ಯಾಸಿಗ್ಯಾಗ ನೋಡಿ ತಗೊಂಡೀವ್ರಿ ಸರ್. ಮಳಿಗಾಲದಾಗ ಒಂದ್ಸಲ ನೋಡಿದ್ರ ತಿಳೀತಿತ್ತು" ಎಂದರು ಅವರು. ನಾನು ಓದಿದ ಯಾವ ವರದಿಯೂ ಇಷ್ಟು ಸ್ಪಷ್ಟವಾಗಿ ಈ ವಿಷಯವನ್ನು ಹೇಳಿಲ್ಲ.

ಆದ್ದರಿಂದ ಜಾಗ ಕೊಳ್ಳುವವರು ಕಾಗದ ಮಾತ್ರ ನೋಡಬೇಡಿರಿ. ರಿಜಿಸ್ಟ್ರಿ ಆದ ಮಾತ್ರಕ್ಕೆ ನೀರು ತನ್ನ ದಾರಿ ಬಿಡುವುದಿಲ್ಲ. ಸರ್ವೆ ನಂಬರು ಹಿಡಿದು ಕಂದಾಯದ ಕಚೇರಿಯಲ್ಲಿ ಅದು ಶಿಖಂ ಹೌದೋ ಅಲ್ಲವೋ ವಿಚಾರಿಸಿರಿ. ಹತ್ತಿರ ಕೆರೆಯಿದ್ದರೆ ಅದರ ಪೂರ್ಣ ಮಟ್ಟದ ಗಡಿ ಎಲ್ಲಿಯವರೆಗೆ ಎಂದು ಕೇಳಿರಿ. ಆ ಸ್ಥಳದ ಹಳಬರೊಡನೆ ಮಾತಾಡಿರಿ. ಜೋರು ಮಳೆ ಬಿದ್ದ ಮರುದಿನ ಹೋಗಿ ನೋಡಿರಿ. ಇಷ್ಟಕ್ಕೆ ಒಂದು ದಿನದ ಕೂಲಿ ಹೋಗಬಹುದು, ಜೀವಮಾನದ ದುಡಿಮೆ ಉಳಿಯುತ್ತದೆ.

ನಮ್ಮ ಊರಿನ ಕೆಲಸ

ಹೈದರಾಬಾದು ದೊಡ್ಡ ನಗರ, ಅಲ್ಲಿಯ ತೊಂದರೆ ಅಲ್ಲಿಯದು ಎನ್ನಬೇಡಿ. ನಮ್ಮ ಊರೂ ಬೆಳೆಯುತ್ತಿದೆ. ಮಳೆಗಾಲದಲ್ಲಿ ಕೆರೆಗೆ ನೀರು ಬರುವ ಹಳ್ಳ ಇಂದು ಎಷ್ಟು ಅಗಲವಿದೆ? ನಿಮ್ಮ ಅಜ್ಜನ ಕಾಲದಲ್ಲಿ ಎಷ್ಟಿತ್ತು? ಅದರಲ್ಲಿ ಕಸ ಹಾಕುವವರು ಯಾರು? ಸತ್ಯವಾಗಿ ಹೇಳಿದರೆ ನಾವೇ. ಹೈದರಾಬಾದು ಮಾಡಿದ ತಪ್ಪನ್ನು ದೊಡ್ಡ ಖರ್ಚಿನಲ್ಲಿ ತಿದ್ದಬೇಕಾಗಿದೆ. ನಾವು ಅದೇ ತಪ್ಪನ್ನು ಮಾಡದಿದ್ದರೆ ಖರ್ಚೇ ಇಲ್ಲ.

ನೆರೆಗೆ ಒಂದು ಊರು ಕೊಡುವ ಉತ್ತರದಲ್ಲಿ ನಾಲ್ಕು ಮೆಟ್ಟಿಲುಗಳಿವೆ: ನೆರವು, ವಿಚಾರ, ನಿರ್ಮಾಣ, ನೆನಪು. ಮೊದಲಿನ ಮೂರನ್ನು ಹೈದರಾಬಾದು ಚೆನ್ನಾಗಿ ಹತ್ತಿತು. ನಾಲ್ಕನೆಯದರಲ್ಲಿ ಜಾರಿತು. ಅರಸರು ನೆರವು ಕೊಡಬಹುದು, ಎಂಜಿನಿಯರರು ಅಣೆಕಟ್ಟು ಕಟ್ಟಬಹುದು. ನೆನಪಿಟ್ಟುಕೊಳ್ಳುವ ಕೆಲಸ ಮಾತ್ರ ಎಲ್ಲ ನಾಗರಿಕರದು. ಆ ಹುಣಿಸೆಮರದ ಕೆಳಗೆ ವರ್ಷಕ್ಕೊಮ್ಮೆ ಸೇರುವ ಜನ ಮಾಡುತ್ತಿರುವುದು ಅದನ್ನೇ. ಈ ಪಾಠವನ್ನು ಓದಿದ ನೀವೂ ಇಂದಿನಿಂದ ಅವರೊಡನೆ ಸೇರಿದಿರೆಂದು ನಾನು ತಿಳಿಯುತ್ತೇನೆ.

ಅಭ್ಯಾಸ

1. ಅನಂತಗಿರಿಯಿಂದ ಕೃಷ್ಣೆಯವರೆಗೆ ಕಾಗಿಣಾ ಮತ್ತು ಮೂಸಿ ನದಿಗಳ ದಾರಿಯನ್ನು ನಕ್ಷೆಯಲ್ಲಿ ಬರೆಯಿರಿ.

2. ದಂಡೆಗೆ ಗೋಡೆ ಕಟ್ಟುವುದಕ್ಕೂ ಮೇಲೆ ಜಲಾಶಯ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಹೇಳಿರಿ.

3. ತುಂಬಿದ ಜಲಾಶಯ ನೆರೆಯನ್ನು ಏಕೆ ತಡೆಯಲಾರದು?

4. ನಿಮ್ಮ ಮನೆಯ ಮಾಳಿಗೆಯ ಉದ್ದ ಅಗಲ ಅಳೆದು, ಒಂದು ಅಂಗುಲ ಮಳೆಗೆ ಅದರ ಮೇಲೆ ಎಷ್ಟು ಲೀಟರು ನೀರು ಬೀಳುತ್ತದೆಂದು ಲೆಕ್ಕ ಮಾಡಿರಿ.

5. ಮನೆಯ ಹಿರಿಯರನ್ನು ಕೇಳಿ, ನಮ್ಮ ಊರಿನಲ್ಲಿ ನೀರು ಅತ್ಯಂತ ಎತ್ತರಕ್ಕೆ ಬಂದದ್ದು ಯಾವ ವರ್ಷ, ಎಲ್ಲಿಯವರೆಗೆ ಎಂದು ಬರೆದು ತನ್ನಿರಿ. ಎಲ್ಲರ ಉತ್ತರಗಳನ್ನೂ ಸೇರಿಸಿ ಶಾಲೆಯ ಗೋಡೆಗೆ ಒಂದು ನಕ್ಷೆ ಮಾಡೋಣ.